ಮಾವಂಗೂ ಪುಟ್ಟಿಗೂ ಸೇರ್ಸಿ, ಸ್ವಲ್ಪ ಉದ್ದ ಇದೆ

ಮಾವ, ಈಗ ನೋಡ್ದೆ ನಿಮ್ಮ ಮೆಸೇಜು. ಮೊದ್ಲು ಜನ ಬದುಕ್ಲಿ, ಪರಿಸರ ಪರಿಸರ ಅಂತ ಕೂತ್ರೆ ಬಡವ್ರು ಏನ್ಮಾಡ್ಬೇಕು ಅಂದ್ರಿ, ಅದಕ್ಕೆ ಪುಟ್ಟಿ ಮನುಷ್ಯನೇ ಭೂಮಿಗೆ ಅಂಟಿರೋ ರೋಗ ಅಂತ ಬರ್ದು ಸುಮ್ನಾಗ್ಬಿಟ್ಲು. ನಂಗೆ ಎರಡೂ ಒಪ್ಪೋಕಾಗ್ತಿಲ್ಲ.

ಸಿಎಫ್‌ಸಿ ಗ್ಯಾಸ್ ಕತೆ ತಗೊಳ್ಳಿ. ಫ್ರಿಡ್ಜು, ಏಸಿ, ಮೈಗೆ ಹೊಡ್ಕೊಳ್ಳೋ ಸ್ಪ್ರೇ ಡಬ್ಬಿ, ಹಿಂಗೆ ಸುಮಾರು ಕಡೆ ಅದೇ ಇರ್ತಿತ್ತು, ಅದು ಮೇಲೆ ಹೋಗಿ ಓಝೋನ್ ಪದರ ಹಾಳ್ಮಾಡ್ತಿದೆ ಅಂತ ಗೊತ್ತಾಗಿ, ಅದನ್ನ ಕಮ್ಮಿ ಮಾಡ್ಬೇಕು ಅಂತ 1987ರಲ್ಲಿ ಮಾಂಟ್ರಿಯಲ್ ಒಪ್ಪಂದ ಆಯ್ತಲ್ಲ. ಆದ್ರೆ ಅದೇ ಗ್ಯಾಸು ಉಬ್ಬಸದವ್ರ ಇನ್ಹೇಲರ್‌ನಲ್ಲೂ ಇತ್ತು! ಡಬ್ಬಿ ಒತ್ತಿದ್ರೆ ಔಷಧಿನ ಬಾಯೊಳಗೆ ತಳ್ಳೋದು ಅದೇನೆ. ಏದುಸಿರು ಬಿಡ್ತಿರೋ ಮಗೂಗೆ ಓಝೋನ್ ಪಾಠ ಹೇಳಕ್ಕಾಗತ್ತಾ ಪುಟ್ಟಿ? ಹಾಗಂತ ಆ ಮಗೂನ ಮುಂದೆ ಮಾಡ್ಕೊಂಡು ಸೆಂಟ್ ಡಬ್ಬಿನೂ ಇರ್ಲಿ ಅನ್ನೋಕಾಗತ್ತಾ ಮಾವ? ಆಮೇಲೆ ಯಾವ್ದಕ್ಕೆ ವಿನಾಯ್ತಿ ಕೊಡ್ಬೇಕು ಅಂತ ಒಪ್ಪಂದದ ದೇಶದವ್ರು ಕೇಳಿದ್ದು ಎರಡೇ: ಆರೋಗ್ಯಕ್ಕೋ ಸುರಕ್ಷತೆಗೋ ಸಮಾಜ ನಡಿಯೋಕೋ ಇದು ಬೇಕೇಬೇಕಾ, ಇದರ ಬದ್ಲು ಕೈಗೆಟುಕೋ ಅಂಥದ್ದು ಬೇರೆ ಏನಾದ್ರೂ ಇದೆಯಾ. ಇನ್ಹೇಲರ್ ಪಾಸು, ಸೆಂಟು ಫೇಲು. ಬೇರೆ ಗ್ಯಾಸಿನ ಇನ್ಹೇಲರ್ ಬಂದ್ಮೇಲೆ ಆ ವಿನಾಯ್ತಿನೂ ಹೋಯ್ತು.

ಇನ್ನು ಬಡವ್ರು ಅಂದ್ರಲ್ಲ, ಅಭಿವೃದ್ಧಿಶೀಲ ದೇಶಗಳಿಗೆ 10 ವರ್ಷ ಜಾಸ್ತಿ ಟೈಮ್ ಕೊಟ್ಟು, ಮಷೀನು ಬದಲಾಯ್ಸೋಕೆ ಶ್ರೀಮಂತ ದೇಶಗಳ ದುಡ್ಡಲ್ಲಿ ಒಂದು ನಿಧಿನೂ ಮಾಡಿದ್ರು. ನಂಗೆ ಇದೇ ಮುಖ್ಯ ಅನ್ಸೋದು, ಯಾಕಂದ್ರೆ ನಿಲ್ಸಿ ಅಂತ ಹೇಳೋಕೆ ದುಡ್ಡು ಬೇಕಾಗಲ್ಲ, ನಿಲ್ಸೋನಿಗೇ ಖರ್ಚು.

ಡಿಡಿಟಿ ಅನ್ನೋ ಕೀಟನಾಶಕದ್ದೂ ಹಂಗೇನೆ. 2001ರ ಸ್ಟಾಕ್‌ಹೋಮ್ ಒಪ್ಪಂದದಲ್ಲಿ ಹೊಲಕ್ಕೆ ಹೊಡಿಯೋಹಾಗಿಲ್ಲ ಅಂದ್ರು, ಮಲೇರಿಯಾ ಸೊಳ್ಳೆಗೆ ಅಂತ ಮನೆ ಒಳಗೋಡೆಗೆ ಹೊಡಿಯೋಕೆ ಬಿಟ್ರು, ಅದೂ ಇನ್ನೂ ಬೇಕಾ ಅಂತ ಮೂರು ವರ್ಷಕ್ಕೊಂದ್ಸಲನಾದ್ರೂ ನೋಡ್ಬೇಕು ಅಂತ ಷರತ್ತು ಹಾಕಿ. ವಿಷ ಒಂದೇ, ಯಾತಕ್ಕೆ ಅನ್ನೋದ್ರ ಮೇಲೆ ತೀರ್ಮಾನ.

ಅದಕ್ಕೆ ಮನುಷ್ಯನಿಗೆ ಬೇಕು ಅಂತ ಒಟ್ಟಾರೆಯಾಗಿ ಹೇಳ್ಬೇಡಿ ಮಾವ, ಯಾರಿಗೆ ಯಾತಕ್ಕೆ ಅಂತ ಬಿಡಿಸಿ ಹೇಳಿ. ಬಡವ್ರ ಹೆಸ್ರಲ್ಲಿ ಪರ್ಮಿಷನ್ ತಗೊಂಡು ಲಾಭ ಬೇರೆಯೋರು ಹೊಡ್ಕೊಳ್ಳೋದು ನಿಮಗೇನು ಗೊತ್ತಿಲ್ದೇ ಇರೋದಲ್ಲ.

ಹಾಂ, ಎಲ್ಲಾ ಸರಿಹೋಯ್ತು ಅಂತ ಹೇಳ್ತಿಲ್ಲ ನಾನು. ಸಿಎಫ್‌ಸಿ ಜಾಗಕ್ಕೆ ಬಂದ ಎಚ್‌ಎಫ್‌ಸಿ ಅನ್ನೋ ಗ್ಯಾಸು ಓಝೋನ್ ತಂಟೆಗೆ ಹೋಗಲ್ಲ, ಆದ್ರೆ ಭೂಮಿನ ಬಿಸಿ ಮಾಡತ್ತೆ, ಅದನ್ನ ಕಮ್ಮಿ ಮಾಡ್ಬೇಕು ಅಂತ 2016ರಲ್ಲಿ ರುವಾಂಡಾ ದೇಶದ ಕಿಗಾಲಿಯಲ್ಲಿ ಮತ್ತೆ ಕೂತು ಮಾತಾಡ್ಬೇಕಾಯ್ತು. ಪುಟ್ಟಿ, ಹಾಳ್ಮಾಡ್ದೋರೂ ಮನುಷ್ಯರೇ, ಕೂತು ಮಾತಾಡ್ದೋರೂ ಮನುಷ್ಯರೇ ಕಣೆ, ರೋಗ ಗೀಗ ಅಂತೆಲ್ಲ ಬರೀಬೇಡ.