ಪದ ಬೇಕಾಗಿದೆ: ‘ಎಕೋಸಿಸ್ಟಮ್ ಸರ್ವಿಸಸ್’

ಬಲ್ಲವರಲ್ಲಿ ವಿನಂತಿ. ನಿಸರ್ಗದಿಂದ ಜನರಿಗೆ ಸಿಗುವ ಪ್ರಯೋಜನಗಳನ್ನು ಇಂಗ್ಲಿಷಿನಲ್ಲಿ ಹೀಗೆ ಕರೆಯುತ್ತಾರೆ; ಅದಕ್ಕೆ ಕನ್ನಡ ಪದ ಬೇಕು. ಕರಾವಳಿಯಲ್ಲಿ ಅಳಿವೆಯೊಂದರ (ನದಿ ಕಡಲು ಸೇರುವ ಜಾಗ) ಬಳಿಯ ಯೋಜನೆಯ ಪರಿಸರ ಪರಿಣಾಮ ಮೌಲ್ಯಮಾಪನ ವರದಿಯ ಸಾರಾಂಶವನ್ನು ಕನ್ನಡಕ್ಕೆ ತರುತ್ತಿದ್ದೇನೆ. 2006ರ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಆಲಿಕೆಗೆ ಮುನ್ನ ಅದು ಜನರ ಕೈಗೆ ಸಿಗಬೇಕು. ಪತ್ರಿಕೆಗಳಲ್ಲಿರುವಂತೆ ‘ಪರಿಸರ ವ್ಯವಸ್ಥೆಯ ಸೇವೆಗಳು’ ಎಂದು ಬರೆದು, ಚಿಪ್ಪಿ ಹೆಕ್ಕುವ ಪರಿಚಯದ ಹೆಂಗಸೊಬ್ಬರಿಗೆ ಓದಿ ಹೇಳಿದೆ. ‘ಸೇವೆ ಎಂದರೆ ಕಂಪನಿಯವರು ನಮಗೆ ಕೊಡುವುದೇ?’ ಎಂದು ಕೇಳಿದರು. ಆ ಪುಟವನ್ನು ಹಾಗೆಯೇ ಅಚ್ಚಿಗೆ ಕೊಡಲು ಮನಸ್ಸು ಒಪ್ಪುತ್ತಿಲ್ಲ. ನಾಳೆ ಬೆಳಿಗ್ಗೆಯೇ ಕೊಡಬೇಕು.

ಮರು:
ಸೇವೆ ಬೇಡವೇ ಬೇಡ. ಸೇವೆ ಎಂದರೆ ಒಡೆಯ, ಆಳು ಇಬ್ಬರೂ ಬೇಕು. ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡ (ಮ್ಯಾಂಗ್ರೋವ್) ಯಾರ ಊಳಿಗಕ್ಕೂ ನಿಂತಿಲ್ಲ. ‘ಹುಟ್ಟುವಳಿ’ ಇದೆಯಲ್ಲ! ನಡವಳಿ, ಹಿಡುವಳಿಗಳ ಸಾಲಿನ ಅಚ್ಚಗನ್ನಡ ಪದ, ಕಂದಾಯದ ಕಾಗದಗಳಲ್ಲಿ ಬಳಸಿದ್ದು. ‘ಅಳಿವೆಯ ಹುಟ್ಟುವಳಿ’ ಎಂದರೆ ರೈತನಿಗೂ ತಿಳಿಯುತ್ತದೆ. ಮನೆಯಲ್ಲಿರುವುದನ್ನು ಬಿಟ್ಟು ಸಂಸ್ಕೃತದ ಬಾಗಿಲು ಏಕೆ ತಟ್ಟಬೇಕು?

ಮರು:
ಹುಟ್ಟುವಳಿ ಅರ್ಧ ದಾರಿಗೇ ನಿಲ್ಲುತ್ತದೆ. ಪರಿಸರ ವ್ಯವಸ್ಥೆಗಳ ಕುರಿತ 2005ರ ಸಹಸ್ರಮಾನದ ಜಾಗತಿಕ ಮೌಲ್ಯಮಾಪನ ಈ ಪ್ರಯೋಜನಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿತು: ಒದಗಿಸುವಂಥವು, ನಿಯಂತ್ರಿಸುವಂಥವು, ಸಾಂಸ್ಕೃತಿಕ, ಮತ್ತು ಉಳಿದ ಮೂರಕ್ಕೂ ಆಧಾರವಾದ ಪೋಷಕ. ಅಘನಾಶಿನಿ ನದಿಯ ಚಿಪ್ಪಿ, ಗಜನಿಯ (ಅಳಿವೆಯ ಉಪ್ಪುನೀರಿನ ಗದ್ದೆ) ಕಗ್ಗ ತಳಿಯ ಭತ್ತ ಹುಟ್ಟುವಳಿ, ಒಪ್ಪಿದೆ. ಕಾಂಡ್ಲಾ ಅಲೆಯ ಬಿರುಸು ತಗ್ಗಿಸುವುದು, ಕೆಸರು ಹಿಡಿದಿಡುವುದು, ಮೀನಿನ ಮರಿಗಳು ಬೇರುಗಳ ನಡುವೆ ಬೆಳೆಯುವುದು ಯಾವ ಹುಟ್ಟುವಳಿ? ಮರ ಎಣಿಸಿ, ಬೆಳೆಗೆ ಪರಿಹಾರ ಕಟ್ಟಿ ಕೈತೊಳೆದುಕೊಳ್ಳುವ ವರದಿಗಳನ್ನು ಸಾಕಷ್ಟು ಓದಿದ್ದೇನೆ. ನಿಮ್ಮ ಪದ ಅವಕ್ಕೇ ಅನುಕೂಲ. ‘ಉಪಕಾರ’ ಎನ್ನಿ. ಅದರಲ್ಲಿ ಋಣದ ನೆನಪೂ ಇದೆ. ಸಂಸ್ಕೃತವೆಂದು ಹೀಗಳೆಯುವವರು ‘ಜಮೀನು’ ಪಾರಸಿಯದು, ‘ತಾಲ್ಲೂಕು’ ಅರಬ್ಬಿಯದು ಎಂಬುದನ್ನು ಮರೆಯದಿರಲಿ. ಅವಿಲ್ಲದೆ ನಿಮ್ಮ ಕಂದಾಯದ ಕಾಗದ ಒಂದು ಸಾಲೂ ಮುಂದೆ ಹೋಗದು.

ಮರು:
ಜಮೀನು ಬಂದಾಗ ನಮ್ಮನ್ನು ಯಾರೂ ಕೇಳಲಿಲ್ಲ. ಈಗ ಕೇಳಿದ್ದಾರೆ, ಹೇಳಿದ್ದೇನೆ. ಉಪಕಾರ ಮಾಡಲು ಮನಸ್ಸು ಬೇಕು, ಗಿಡಕ್ಕೆ ಅದಿಲ್ಲ.

ಮರು:
ಇಬ್ಬರಿಗೂ ವಂದನೆಗಳು. ಶೀರ್ಷಿಕೆಯಲ್ಲಿ ‘ಅಳಿವೆಯಿಂದ ಆಗುವ ಉಪಕಾರಗಳು’ ಎಂದು ಬರೆದಿದ್ದೇನೆ. ಒದಗಿಸುವಂಥವುಗಳ ಕಡೆ ಮಾತ್ರ ‘ಹುಟ್ಟುವಳಿ’. ಕೋಷ್ಟಕದಲ್ಲಿ ನಾಮಪದ ಬಿಟ್ಟು ‘ಅಲೆ ತಡೆಯುತ್ತದೆ’, ‘ಮೀನಿನ ಮರಿಗೆ ನೆಲೆಯಾಗುತ್ತದೆ’ ಎಂದು ಕ್ರಿಯಾಪದಗಳನ್ನೇ ಇಟ್ಟಿದ್ದೇನೆ. ಆ ಹೆಂಗಸು ಇದನ್ನು ಕೇಳಿ, ಕೆಸರಿನ ಸಾಲು ಬಿಟ್ಟುಹೋಗಿದೆ ಎಂದರು; ಸೇರಿಸಿದೆ. ‘ಪೋಷಕ’ಕ್ಕೆ ಇನ್ನೂ ತಿಳಿಯಾದ ಪದವಿದ್ದರೆ ಇಂದು ರಾತ್ರಿಯೊಳಗೆ ಬರೆಯಿರಿ.