ಪುಟ್ಟ, ಬೇಸ್ ತಂತಿ ತಗೊಳ್ಳೋ ಮೊದಲು ಇದನ್ನು ಪೂರ್ತಿ ಕೇಳು

ಪುಟ್ಟ, ನಿನ್ನ ಮೆಸೇಜ್ ಈಗ ನೋಡಿದೆ. ಸ್ವಲ್ಪ ಉದ್ದ ಆಗುತ್ತದೆ, ಬೇಸ್ ಗಿಟಾರ್ ಗೊಡವೆ ಇಲ್ಲದವರು ಇದನ್ನು ಬಿಟ್ಟು ಮುಂದೆ ಹೋಗಬಹುದು.

ನೀನು ಕೇಳಿದ್ದು ಇಷ್ಟು: ಹಳೇ ನಾಲ್ಕು ತಂತಿಯ ಬೇಸ್ ಸಿಕ್ಕಿದೆ, ತಂತಿ ಕಪ್ಪಾಗಿ ನಾದ ಮಂಕಾಗಿದೆ, ಕಡಿಮೆ ಬೆಲೆಯ ಸ್ಟೀಲ್ ತಂತಿ ಯಾವುದು ತಗೊಳ್ಳಲಿ ಅಂತ. ಅದಕ್ಕೆ ಚಿಕ್ಕಪ್ಪ, "ಸ್ಟೀಲ್ ಅಂದಮೇಲೆ ಎಲ್ಲಾ ಒಂದೇ, ಅಗ್ಗದ್ದು ನೋಡಿ ತಗೋ" ಅಂದಿದ್ದಾರೆ. ಚಿಕ್ಕಪ್ಪ, ಕೋಪ ಮಾಡಿಕೊಳ್ಳಬೇಡಿ, ಅರ್ಧ ಮಾತು ಸರಿ. ಒಳಗಿನ ತಂತಿ ಹೆಚ್ಚುಕಡಿಮೆ ಎಲ್ಲದರಲ್ಲೂ ಸ್ಟೀಲೇ. ತಂತಿಯ ಅಲುಗಾಟವನ್ನು ಹಿಡಿಯುವ ಪಿಕಪ್ ಅಂದರೆ ಅಯಸ್ಕಾಂತ ಮತ್ತು ತಾಮ್ರದ ಸುರುಳಿ ತಾನೆ, ಅದರ ಮೇಲೆ ಕಬ್ಬಿಣದ ಗುಣ ಇರುವ ಲೋಹ ಅಲುಗಾಡಿದರೇನೇ ಸದ್ದು. ಬರೀ ನೈಲಾನ್ ತಂತಿ ಕಟ್ಟಿದರೆ ಅದಕ್ಕೆ ಏನೂ ಕೇಳಿಸುವುದಿಲ್ಲ. ವ್ಯತ್ಯಾಸ ಇರುವುದು ಮೇಲೆ ಸುತ್ತಿರುವ ತಂತಿಯಲ್ಲಿ.

ಪ್ಯಾಕೆಟ್ ಮೇಲೆ 'ನಿಕಲ್ ಪ್ಲೇಟೆಡ್ ಸ್ಟೀಲ್' ಅಂತ ಇದ್ದರೆ, ಸುತ್ತಿರುವ ಸ್ಟೀಲಿಗೆ ನಿಕಲ್ ಲೇಪ ಇದೆ ಅಂತ. ನಾದ ಹದವಾಗಿರುತ್ತದೆ, ಬೆರಳಿಗೂ ಮೆತ್ತಗೆ. 'ಸ್ಟೇನ್‌ಲೆಸ್' ಅಂತ ಇದ್ದರೆ ನಾದ ಚುರುಕು, ಖಣಖಣ ಅನ್ನುತ್ತದೆ. ಆದರೆ ಒರಟು, ಗಿಟಾರಿನ ಕುತ್ತಿಗೆ ಮೇಲಿನ ಲೋಹದ ಅಡ್ಡಪಟ್ಟಿ, ಅಂದರೆ ಫ್ರೆಟ್‌ಗಳನ್ನೂ ಬೇಗ ಸವೆಸುತ್ತದೆ. ಹಳೇ ಗಿಟಾರಿಗೆ ಹೊಸ ಫ್ರೆಟ್ ಹಾಕಿಸುವ ಖರ್ಚಿನ ಮುಂದೆ ತಂತಿಯಲ್ಲಿ ಉಳಿಸಿದ್ದು ಏನೂ ಅಲ್ಲ. ನಿನಗೆ ನಾನು ಹೇಳುವುದು ನಿಕಲ್ ಲೇಪದ್ದೇ. ಹೆಸರಿರುವ ಕಂಪನಿಗಳಲ್ಲೂ ಸಾಮಾನ್ಯವಾಗಿ ಅಗ್ಗದ ಸೆಟ್ ಇದೇ.

ಇನ್ನೊಂದು ಇದೆ, ಫ್ಲಾಟ್‌ವೂಂಡ್. ಚಪ್ಪಟೆ ಪಟ್ಟಿ ಸುತ್ತಿರುತ್ತಾರೆ, ಕೈಗೆ ನುಣ್ಣಗೆ. ಕೊಳ್ಳುವಾಗ ದುಬಾರಿ, ಆದರೆ ವರ್ಷಗಟ್ಟಲೆ ಬರುತ್ತದೆ. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಇಂಥದ್ದನ್ನೇ ಕಟ್ಟಿಕೊಂಡು, ಹರಿಯುವ ತನಕ ಬದಲಾಯಿಸುತ್ತಿರಲಿಲ್ಲ ಅಂತ ಹೆಸರುವಾಸಿ. ಆ ಗುಂಡು ಗುಂಡಾದ ನಾದ ಇಷ್ಟವಾದರೆ, ನಿಜವಾಗಿ ಅಗ್ಗ ಇದೇ ಅಂತ ನನ್ನ ಲೆಕ್ಕ. ಈಗಲೇ ಬೇಡ, ನಿನ್ನ ಕಿವಿಗೆ ಯಾವುದು ಒಗ್ಗುತ್ತದೆ ಅಂತ ಗೊತ್ತಾಗಲಿ.

ಈಗ ಮುಖ್ಯವಾದದ್ದು, ಉದ್ದ. ನಾನು ಇಲ್ಲೇ ಎಡವಿದ್ದು. ಮೊದಲ ಸಲ ಅಗ್ಗ ಅಂತ ಖುಷಿಯಲ್ಲಿ ತಂದ ಸೆಟ್ ಶಾರ್ಟ್ ಸ್ಕೇಲ್‌ದು, ಅಂದರೆ ಗಿಡ್ಡ ಬೇಸ್‌ಗೆ ಮಾಡಿದ್ದು. ನನ್ನ ಬೇಸ್ 34 ಇಂಚಿನದು. ದಪ್ಪ ತಂತಿ ಬಿರಡೆಗೆ ಒಂದು ಸುತ್ತೂ ಸರಿಯಾಗಿ ಬರಲಿಲ್ಲ. ಸುಮ್ನೆ ದುಡ್ಡು ದಂಡ. ಬಿರಡೆಗಳ ಕೆಳಗೆ ತಂತಿ ಕೂರುವ ಗೀರಿನ ಪಟ್ಟಿ ಇದೆಯಲ್ಲ, ಆ ನಟ್‌ನಿಂದ ಆಚೆ ತುದಿಯ ಬ್ರಿಜ್‌ನಲ್ಲಿ ತಂತಿ ಕೂರುವ ಜಾಗದವರೆಗೆ ಟೇಪ್ ಹಿಡಿದು ಅಳೆ. 34 ಇಂಚು ಬಂದರೆ ಲಾಂಗ್ ಸ್ಕೇಲ್, 30ರ ಆಸುಪಾಸು ಬಂದರೆ ಶಾರ್ಟ್. ತಂತಿ ಗಿಟಾರಿನ ಬೆನ್ನಿನಿಂದ ತೂರಿ ಬರುವ ಹಾಗಿದ್ದರೆ ಇನ್ನೂ ಸ್ವಲ್ಪ ಉದ್ದ ಬೇಕಾಗುತ್ತದೆ, ಅದನ್ನೂ ನೋಡು.

ದಪ್ಪದ ವಿಷಯ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡ. 45ರಿಂದ 105 ಅಂತ ಬರೆದಿರುವುದು ಎಲ್ಲರೂ ಕಟ್ಟುವ ಸೆಟ್. ಅದು ತೀರಾ ತೆಳು ತಂತಿಯಿಂದ ತೀರಾ ದಪ್ಪ ತಂತಿಯವರೆಗಿನ ದಪ್ಪ, ಇಂಚಿನ ಸಾವಿರದ ಭಾಗದಲ್ಲಿ. 45ರಿಂದ 100 ಸ್ವಲ್ಪ ಹಗುರ, ಹೊಸ ಬೆರಳಿಗೆ ಒಳ್ಳೆಯದು. ಈಗಿರುವುದಕ್ಕಿಂತ ತೀರಾ ದಪ್ಪದ್ದು ಮಾತ್ರ ಕಟ್ಟಬೇಡ, ಎಳೆತ ಹೆಚ್ಚಾಗಿ ಕುತ್ತಿಗೆ ಬಾಗುತ್ತದೆ. ಮತ್ತೆ, ಹೆಸರುವಾಸಿ ಕಂಪನಿಯ ತಂತಿ ನಂಬಲಾಗದಷ್ಟು ಅಗ್ಗಕ್ಕೆ ಸಿಕ್ಕರೆ ಅನುಮಾನ ಪಡು. ತಂತಿಯಲ್ಲೂ ನಕಲಿ ಇದೆ ಮಾರಾಯ.

ಆದರೆ ಇದೆಲ್ಲಕ್ಕೂ ಮುಂಚೆ ಒಂದು ಕೆಲಸ ಮಾಡು. ಈಗಿರುವ ತಂತಿಗೆ ತುಕ್ಕು ಹಿಡಿದಿಲ್ಲ, ಬರೀ ಬೆವರು ಜಿಡ್ಡು ಕೂತಿದೆ ಅಂದರೆ, ಬಿಚ್ಚಿ ಬರೀ ನೀರಲ್ಲಿ ಹತ್ತು ನಿಮಿಷ ಕುದಿಸು. ತೇವ ಒಂಚೂರೂ ಉಳಿಯದ ಹಾಗೆ ಒಣಗಿಸಿ ಮತ್ತೆ ಕಟ್ಟು. ಕೆಲವು ದಿನ ಹೊಸದರ ಹಾಗೆ ನುಡಿಯುತ್ತದೆ. ತಪಲೆ ಮಾತ್ರ ಅಡುಗೆಯದ್ದು ತಗೊಳ್ಳಬೇಡ, ಚಿಕ್ಕಮ್ಮ ಈ ಗ್ರೂಪಿನಲ್ಲೇ ಇದ್ದಾರೆ. ಅದು ಎಷ್ಟು ದಿನ ಬರುತ್ತದೋ ಅಷ್ಟರಲ್ಲಿ ನಿಧಾನವಾಗಿ ಹೊಸದು ಹುಡುಕಬಹುದು, ಅಲ್ವಾ?

ಹೊಸದು ಕಟ್ಟುವಾಗ ನಾಲ್ಕನ್ನೂ ಒಟ್ಟಿಗೆ ಬಿಚ್ಚಬೇಡ, ಒಂದೊಂದಾಗಿ ಬದಲಾಯಿಸು. ಉದ್ದ ಜಾಸ್ತಿ ಇದ್ದರೆ ಕತ್ತರಿಸುವ ಜಾಗದ ಹಿಂದೆ ಮೊದಲು ಚೂಪಾಗಿ ಬಗ್ಗಿಸು, ಆಮೇಲೆ ಕತ್ತರಿಸು. ಬಗ್ಗಿಸದೆ ಕತ್ತರಿಸಿದರೆ ಮೇಲಿನ ಸುತ್ತು ಸಡಿಲವಾಗಿ ತಂತಿ ಸತ್ತ ಹಾಗೆ ನುಡಿಯುತ್ತದೆ. ಒಂದು ಒಳ್ಳೆಯ ತಂತಿ ನಾನು ಹೀಗೇ ಹಾಳು ಮಾಡಿದ್ದೇನೆ. ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ಒರೆಸುವುದನ್ನು ಮರೆಯಬೇಡ.

ಸಂಜೆ ಅಳತೆ ತೆಗೆದು ಇಲ್ಲೇ ಹಾಕು. ಬ್ರಿಜ್‌ದೂ ಒಂದು ಫೋಟೋ ಕಳಿಸು, ನೋಡಿ ಹೇಳುತ್ತೇನೆ.