‘ನೇಟಾಲಿಟಿ’ಗೆ ಕನ್ನಡ ಪದ ಬೇಕಾಗಿದೆ

ಪ್ರಶ್ನೆ: ಹನ್ನಾ ಅರೆಂಟ್ ಅವರ ರಾಜಕೀಯ ಚಿಂತನೆಯನ್ನು ಕುರಿತ ಲೇಖನವೊಂದರ ಅನುವಾದವನ್ನು ನಾಳೆ ಅಚ್ಚಿಗೆ ಕಳಿಸಬೇಕಾಗಿದೆ. ‘ದಿ ಹ್ಯೂಮನ್ ಕಂಡಿಷನ್’ (1958) ಕೃತಿಯಲ್ಲಿ ಅವರು ರಾಜಕೀಯ ಚಿಂತನೆಯ ನಡುವೆ ಸಾವನ್ನಲ್ಲ, ಹುಟ್ಟನ್ನು ಇರಿಸುತ್ತಾರೆ. ಪ್ರತಿಯೊಬ್ಬರೂ ಲೋಕಕ್ಕೆ ಹೊಸಬರಾಗಿ ಬಂದಿರುವುದರಿಂದಲೇ ಹೊಸತೊಂದನ್ನು ಆರಂಭಿಸುವ ಶಕ್ತಿ ಮನುಷ್ಯರಿಗಿದೆ ಎಂಬುದು ಅವರ ವಾದ. ಇದಕ್ಕೆ ಅವರು ಬಳಸಿದ ‘ನೇಟಾಲಿಟಿ’ಯನ್ನು ‘ಜನನ ಪ್ರಮಾಣ’ ಎಂದರೆ ಜನಸಂಖ್ಯಾಶಾಸ್ತ್ರದ ಮಾತಾಗಿಬಿಡುತ್ತದೆ. ‘ಮರ್ತ್ಯತೆ’ಗೆ ಎದುರಾಗಿ ನಿಲ್ಲಬಲ್ಲ ಪದವನ್ನು ದಯವಿಟ್ಟು ಸೂಚಿಸಿ.

ಉತ್ತರ 1: ‘ಜಾತತ್ವ’. ಲ್ಯಾಟಿನ್ನಿನ ‘ನಾಟುಸ್’, ಸಂಸ್ಕೃತದ ‘ಜಾತ’ ಎರಡೂ ಒಂದೇ ಮೂಲಧಾತುವಿನವು. ಇದರಲ್ಲಿ ಚರ್ಚಿಸುವಂಥದ್ದೇನೂ ಇಲ್ಲ.

ಉತ್ತರ 2: ಧಾತು ಒಂದೇ ಆದ ಮಾತ್ರಕ್ಕೆ ಅರ್ಥವೂ ಒಂದೇ ಆಗುವುದಿಲ್ಲ. ‘ಜಾತಸ್ಯ ಮರಣಂ ಧ್ರುವಂ’ ಎಂಬುದನ್ನು ಕೇಳಿ ಬೆಳೆದ ಓದುಗರಿಗೆ ‘ಜಾತ’ ಎಂದೊಡನೆ ಮರಣವೇ ನೆನಪಾಗುತ್ತದೆ. ಅರೆಂಟ್ ಅವರಾದರೋ, ಮನುಷ್ಯರು ಸಾಯಲೇಬೇಕಾದರೂ ಸಾಯುವುದಕ್ಕೆಂದು ಹುಟ್ಟಿದವರಲ್ಲ, ಆರಂಭಿಸುವುದಕ್ಕೆಂದು ಹುಟ್ಟಿದವರು ಎನ್ನುತ್ತಾರೆ. ಅದೇ ಧಾತುವಿನಿಂದ ‘ಜಾತಿ’ಯೂ ಬಂದಿದೆಯೆಂದು ಬೇರೆ ಹೇಳಬೇಕಿಲ್ಲ. ಹಳಗನ್ನಡದ ‘ಪುಟ್ಟು’ ಇಂದಿನ ‘ಹುಟ್ಟು’ ಆಗಿ ಬಳಕೆಯಲ್ಲಿದೆ. ಸಂಘವನ್ನೋ ಚಳವಳಿಯನ್ನೋ ನಾವು ‘ಹುಟ್ಟುಹಾಕುತ್ತೇವೆ’. 1929ರಲ್ಲಿ ಕ್ರೈಸ್ತ ಸಂತ ಆಗಸ್ಟಿನನ ಪ್ರೇಮಕಲ್ಪನೆಯ ಮೇಲೆ ಪ್ರಬಂಧ ಪ್ರಕಟಿಸಿದ ಅರೆಂಟ್, ಆರಂಭವೊಂದು ಇರಲೆಂದೇ ಮನುಷ್ಯನ ಸೃಷ್ಟಿಯಾಯಿತು ಎಂಬ ಅವನ ಮಾತನ್ನು ಮುಂದೆ ಮತ್ತೆ ಮತ್ತೆ ಉದ್ಧರಿಸಿದರು. ಹುಟ್ಟಿಗೂ ಆರಂಭಕ್ಕೂ ಇರುವ ಆ ನಂಟು ನಮ್ಮ ಈ ಕ್ರಿಯಾಪದದಲ್ಲಿ ಆಗಲೇ ಇದೆ.

ಉತ್ತರ 1: ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆಯನ್ನು ಮರೆತಂತಿದೆ. ಅಲ್ಲಿ ಹುಟ್ಟೆಂದರೆ ಎಂದೂ ಬದಲಾಗದ್ದು, ಅರೆಂಟ್ ಹೇಳುವುದಕ್ಕೆ ತೀರ ವಿರುದ್ಧ. ಪರಿಭಾಷೆಯನ್ನು ಆಡುಮಾತಿನಿಂದ ಕಟ್ಟಲಾಗದು. ಸಂಸ್ಕೃತವನ್ನು ಎರವಲೆಂದು ದೂರವಿಡುವವರು ‘ಅರ್ಥ’ ಎಂಬ ಪದವನ್ನೂ ಬಿಟ್ಟು ವಾದಿಸಲಿ.

ಉತ್ತರ 2: ಎರವಲನ್ನು ನಾನು ಹಳಿದಿಲ್ಲ. ತಂದದ್ದು ಕೆಲಸಕ್ಕೆ ಬರಬೇಕು ಎಂದೆ, ಅಷ್ಟೆ. ಗಾದೆಯ ಆಕ್ಷೇಪಣೆ ಮಾತ್ರ ಗಟ್ಟಿಯಾಗಿದೆ, ಆದರೆ ಅಲ್ಲಿ ಬದಲಾಗದಿರುವುದು ಗುಣ, ಹುಟ್ಟಲ್ಲ.

ಉತ್ತರ 3: ಕೇಳಿದವರಿಗೆ ಪದ ಬೇಕಾಗಿರುವುದು ನಾಳೆ. ‘ಹುಟ್ಟು’ ಎಂದೇ ಬಳಸಿ, ಮೊದಲ ಸಲ ಬರುವಲ್ಲಿ ‘ನೇಟಾಲಿಟಿ’ಯನ್ನು ಆವರಣದಲ್ಲಿ ಕೊಡಿ, ಜೋಡಿಗೆ ‘ಮರ್ತ್ಯತೆ’ಯ ಬದಲು ‘ಸಾವು’ ಸಾಕು. ಮಾತು ಮತ್ತು ಕ್ರಿಯೆಗಳ ಮೂಲಕ ಮನುಷ್ಯರ ಲೋಕದೊಳಕ್ಕೆ ಬರುವುದನ್ನು ಅರೆಂಟ್ ಎರಡನೆಯ ಹುಟ್ಟಿಗೆ ಹೋಲಿಸುವ ಭಾಗವೂ ಲೇಖನದಲ್ಲಿದ್ದರೆ, ಅಲ್ಲಿ ‘ಮರುಹುಟ್ಟು’ ಬೇಡ, ಪುನರ್ಜನ್ಮವೆಂದಾಗುತ್ತದೆ. ‘ದ್ವಿಜತ್ವ’ವಂತೂ ಬೇಡವೇ ಬೇಡ.